ಉಳಿದ ಉಲ್ಲನ್‌ನಲ್ಲಿ ಏನು ಹೆಣೆಯೋದು: ಬ್ಲಾಂಕೆಟ್ಟಾ, ಟೋಪಿಯಾ, ಮಸಿಬಟ್ಟೆಯಾ?

ಉಳಿದ ಉಲ್ಲನ್ ಏನು ಮಾಡಲಿ ಎಂದು ಯಾರನ್ನಾದರೂ ಕೇಳಿ ನೋಡಿ. ಬ್ಲಾಂಕೆಟ್ ಮಾಡಿ ಎನ್ನುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಹಾಗೆ ಶುರುವಾದ ಬ್ಲಾಂಕೆಟ್‌ಗಳಲ್ಲಿ ಬಹಳಷ್ಟು ಅರ್ಧಕ್ಕೇ ನಿಲ್ಲುತ್ತವೆ. ಉಲ್ಲನ್ ಇದ್ದ ಚೀಲಕ್ಕೇ ವಾಪಸ್ ಹೋಗುತ್ತವೆ. ಇದರಲ್ಲಿ ಸೋಮಾರಿತನ ಏನಿಲ್ಲ. ಚೀಲದಲ್ಲಿ ಇರುವುದಕ್ಕೂ ಹೆಣೆಯಲು ಹೊರಟಿದ್ದಕ್ಕೂ ತಾಳೆ ಆಗಿರುವುದಿಲ್ಲ, ಅಷ್ಟೇ.

ನನ್ನ ಲೆಕ್ಕದಲ್ಲಿ ಬಣ್ಣವನ್ನು ಕೊನೆಗೆ ನೋಡಬೇಕು. ಒಂದೊಂದು ಉಂಡೆ ಎಷ್ಟು ತೂಗುತ್ತದೆ, ದಾರ ಎಷ್ಟು ದಪ್ಪ, ಅದು ಯಾವ ನೂಲು ಎಂಬುದು ಮೊದಲು. ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಮಾದರಿ ಹಂಚುವವರು ಜಾಸ್ತಿ ಹೇಳುವುದಿಲ್ಲ. ಪ್ರತಿ ಸಲ ಬಣ್ಣ ಬದಲಿಸಿದಾಗ ಎರಡು ತುದಿ ಜೋತಾಡುತ್ತವೆ. ಅವನ್ನು ದಬ್ಬಣದಲ್ಲಿ ಪೋಣಿಸಿ ಒಳಗೆ ಮುಚ್ಚಬೇಕು. ಅದಕ್ಕೆ ನಿಮಗೆ ಎಷ್ಟು ತಾಳ್ಮೆ ಇದೆ? ಬ್ಲಾಂಕೆಟ್ ಬೇಕಾ ಟೋಪಿ ಸಾಕಾ ಎಂಬುದನ್ನು ಬಹುಮಟ್ಟಿಗೆ ಈ ಉತ್ತರವೇ ತೀರ್ಮಾನ ಮಾಡುತ್ತದೆ.

ಮೊದಲು ತೂಗಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಪ್ರತಿ ಉಂಡೆಯನ್ನೂ ತೂಗಿ ಒಂದು ಚೀಟಿ ಸಿಕ್ಕಿಸಿಡಿ. ತೂಕ ಗೊತ್ತಾದರೆ ಉದ್ದವೂ ಸುಮಾರಾಗಿ ಗೊತ್ತಾಗುತ್ತದೆ. ಸಾಕ್ಸ್ ಹೆಣೆಯುವಂಥ ತೆಳು ದಾರ 100 ಗ್ರಾಂಗೆ ಸುಮಾರು 400 ಮೀಟರ್ ಬರುತ್ತದೆ. 4 ಎಂಎಂ ಕಡ್ಡಿಯಲ್ಲಿ ಹೆಣೆಯುವ ಮಧ್ಯಮ ದಪ್ಪದ ದಾರ, ಡಿಕೆ ಎನ್ನುತ್ತಾರಲ್ಲ ಅದು, 220ರಿಂದ 250 ಮೀಟರ್. ಅಂದರೆ ಒಂದೇ 10 ಗ್ರಾಂ ಉಂಡೆ ತೆಳುವಾಗಿದ್ದರೆ 40 ಮೀಟರ್, ಮಧ್ಯಮವಾಗಿದ್ದರೆ ಅದರ ಅರ್ಧದ ಆಸುಪಾಸು.

ಲೇಬಲ್ ಕಳೆದುಹೋಗಿದ್ದರೆ ಚಿಂತೆ ಬೇಡ. ದಪ್ಪ ಗೊತ್ತಿರುವ ಒಂದು ದಾರ ತಗೊಳ್ಳಿ. ಎರಡೂ ದಾರಗಳನ್ನು ಮಧ್ಯಕ್ಕೆ ಮಡಚಿ ಒಂದರೊಳಗೊಂದು ಕೊಕ್ಕೆ ಹಾಕಿದಂತೆ ಸಿಕ್ಕಿಸಿ, ಹುರಿ ಮಾಡಿ, ಜೋಡಣೆಯ ಮೇಲೆ ಬೆರಳು ಎಳೆಯಿರಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಎನಿಸಿದರೆ ಅವೆರಡನ್ನೂ ಒಂದೇ ವಸ್ತುವಿನಲ್ಲಿ ಸೇರಿಸಬೇಡಿ. ಕಣ್ಣಿಗಿಂತ ಬೆರಳು ಇದನ್ನು ಚೆನ್ನಾಗಿ ಹೇಳುತ್ತದೆ.

ಐದು ಗ್ರಾಂಗಿಂತ ಕಡಿಮೆ ಇರುವುದು ಗೊಂಡೆಗೆ, ಗೊಂಬೆಯ ಕೂದಲಿಗೆ. ಐದರಿಂದ ಹದಿನೈದು ಗ್ರಾಂ ಇದ್ದರೆ ಚೌಕ ಇಲ್ಲವೇ ಪಟ್ಟೆ. 20ರಿಂದ 30 ಗ್ರಾಂ ಇದ್ದರೆ ಎಳೆಗೂಸಿಗೆ ಒಂದು ಕುಲಾವಿ ಆಗಿಬಿಡುತ್ತದೆ. ದೊಡ್ಡವರ ಟೋಪಿಗೆ ಡಿಕೆ ದಾರ 60ರಿಂದ 80 ಗ್ರಾಂ ಬೇಕು. ನಿಮ್ಮ ಕೈ ಬಿಗಿಯೋ ಸಡಿಲವೋ ನೋಡಿಕೊಂಡು ಇದು ಸ್ವಲ್ಪ ಆಚೀಚೆ ಆಗುತ್ತದೆ.

ಯಾವ ನೂಲು ಎಂಬುದು ಯಾಕೆ ಮುಖ್ಯ

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಲುಧಿಯಾನದಿಂದ ಬರುವ ಉಂಡೆಗಳಲ್ಲೂ ಅದೇ ಜಾಸ್ತಿ. ಅದು ಕೆಟ್ಟದ್ದೇನಲ್ಲ. ಮೆಷೀನಿಗೆ ಹಾಕಬಹುದು, ಹುಳ ಹಿಡಿಯುವುದಿಲ್ಲ. ಆದರೆ ಬಿಸಿ ತಾಗಿದರೆ ಕರಗುತ್ತದೆ. ಕುರಿಯ ಉಣ್ಣೆ ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಹತ್ತಿ ನೂಲು ಹಿಗ್ಗುವುದೇ ಇಲ್ಲ ಎನ್ನಬಹುದು, ಭಾರವೂ ಜಾಸ್ತಿ. ಇವನ್ನು ಒಂದೇ ಬ್ಲಾಂಕೆಟ್‌ನಲ್ಲಿ ಸೇರಿಸಿದರೆ ಮೊದಲ ಒಗೆತಕ್ಕೇ ಉಣ್ಣೆಯ ಚೌಕಗಳು ಕುಗ್ಗಿ, ಪಕ್ಕದ ಅಕ್ರಿಲಿಕ್ ಚೌಕಗಳು ಉಬ್ಬಿ ನಿಲ್ಲುತ್ತವೆ.

ಗೊತ್ತಾಗದಿದ್ದರೆ ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಕಡ್ಡಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಮಣಿ ಆರುವ ತನಕ ಮುಟ್ಟಬೇಡಿ.

ಬ್ಲಾಂಕೆಟ್: ಎಲ್ಲವೂ ಒಂದೇ ಅಲ್ಲ

ಬ್ಲಾಂಕೆಟ್ ಎಂದರೆ ಕಡೇ ಪಕ್ಷ ನಾಲ್ಕು ಬೇರೆ ಬೇರೆ ದಾರಿಗಳಿವೆ. ಅವುಗಳ ನಡುವಿನ ವ್ಯತ್ಯಾಸ ಬ್ಲಾಂಕೆಟ್‌ಗೂ ಟೋಪಿಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು.

ಎಲ್ಲರಿಗೂ ಗೊತ್ತಿರುವುದು ಚೌಕದ ಬ್ಲಾಂಕೆಟ್. ಉತ್ತರ ಕರ್ನಾಟಕದ ಕೌದಿಯ ಹಾಗೆ, ತುಂಡು ತುಂಡಾಗಿ ಕೂಡಿ ಬರುವಂಥದ್ದು. ಇದರಲ್ಲಿ ನನಗೆ ಇಷ್ಟವಾಗುವುದು ಮೂಲೆಯಿಂದ ಮಡಚಿದಂತೆ ಕಾಣುವ ಚೌಕ. ಡಿಕೆ ದಾರದಲ್ಲಿ 45 ಸ್ಟಿಚ್ ಹಾಕಿಕೊಳ್ಳಿ. ಎಲ್ಲ ಸಾಲೂ ನಿಟ್, ಅಂದರೆ ಸಾದಾ ಹೆಣಿಗೆ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನಡುವಿನ ಮೂರು ಸ್ಟಿಚ್ ಸೇರಿಸಿ ಒಂದು ಮಾಡುತ್ತಾ ಹೋಗಿ. ಕೊನೆಗೆ ಒಂದೇ ಸ್ಟಿಚ್ ಉಳಿಯುತ್ತದೆ, ಚೌಕ ಮುಗಿದಿರುತ್ತದೆ. ಹೆಚ್ಚುಕಮ್ಮಿ 10 ಸೆಂಟಿಮೀಟರ್ ಬರುತ್ತದೆ, ದಾರ ಆರೇಳು ಗ್ರಾಂ ಹಿಡಿಯುತ್ತದೆ. ಪಕ್ಕದ ಚೌಕವನ್ನು ಹೊಲಿದು ಜೋಡಿಸಬೇಕಾಗಿಲ್ಲ. ಮೊದಲ ಚೌಕದ ಅಂಚಿನಲ್ಲಿ ಎರಡು ಸಾಲಿಗೊಂದರಂತೆ ಉಬ್ಬಿರುವ ಒಂದೊಂದು ಏಣಿನಿಂದ ಒಂದೊಂದು ಸ್ಟಿಚ್ ಎತ್ತಿಕೊಂಡರೆ ಬೇಕಾದ 22 ಸಿಗುತ್ತದೆ, ಮಿಕ್ಕಿದ್ದನ್ನು ಹೊಸದಾಗಿ ಹಾಕಿಕೊಂಡರಾಯಿತು.

ಈಗ ಲೆಕ್ಕ. 80 ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಮಗುವಿನ ಬ್ಲಾಂಕೆಟ್‌ಗೆ 64 ಚೌಕ. ತೂಕ 400ರಿಂದ 450 ಗ್ರಾಂ. ತುದಿಗಳು 128. ಒಂದು ತುದಿಗೆ ಒಂದು ನಿಮಿಷ ಎಂದರೂ ಎರಡು ಗಂಟೆ ದಾಟುತ್ತದೆ. 120 ಗುಣಿಸು 150 ಸೆಂಟಿಮೀಟರಿನ ದೊಡ್ಡದಕ್ಕೆ 180 ಚೌಕ, ಸುಮಾರು 1,200 ಗ್ರಾಂ, 360 ತುದಿ. ನಿಮ್ಮ ಚೀಲದಲ್ಲಿ 1,200 ಗ್ರಾಂ ಒಂದೇ ದಪ್ಪದ ದಾರ ಇದೆಯಾ? ಬಹುತೇಕರ ಹತ್ತಿರ ಇರುವುದಿಲ್ಲ. ಅಲ್ಲೇ ಬ್ಲಾಂಕೆಟ್ ನಿಲ್ಲುವುದು.

ಹಾಗಂತ ಚೌಕ ಬೇಡವೇ ಬೇಡ ಎನ್ನುವುದಿಲ್ಲ. ಹತ್ತು ಜನ ಸೇರಿ ಮಾಡುವುದಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಅಳತೆ ಒಂದೇ ಇದ್ದರೆ ಯಾರು ಎಲ್ಲಿ ಕೂತು ಹೆಣೆದರೂ ನಡೆಯುತ್ತದೆ. 2016ರ ಜನವರಿಯಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಬಳಗದವರು ಚೆನ್ನೈನಲ್ಲಿ 11,148.5 ಚದರ ಮೀಟರಿನ ಬ್ಲಾಂಕೆಟ್ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದ್ದು ಹೀಗೆ ಕೂಡಿ ಮಾಡುವ ದಾರಿಯಲ್ಲೇ. ಅದು ಕ್ರೋಶಾ ಕೆಲಸ, ಕಡ್ಡಿಯದ್ದಲ್ಲ, ಆದರೆ ಲೆಕ್ಕ ಅದೇ. ಅಪಾರ್ಟ್‌ಮೆಂಟಿನ ನಾಲ್ಕು ಗೆಳತಿಯರಿದ್ದರೂ ಸಾಕು, 64 ಚೌಕ ತಲಾ 16 ಆಗುತ್ತದೆ.

ಎರಡನೆಯದು ಲಾಗ್ ಕ್ಯಾಬಿನ್. ನಡುವೆ ಒಂದು ಪುಟ್ಟ ಚೌಕ, ಸುತ್ತ ಪಟ್ಟಿಯ ಮೇಲೆ ಪಟ್ಟಿ. ಒಂದು ಪಟ್ಟಿ ಮುಗಿದ ಮೇಲೆ ತಿರುಗಿಸಿ, ಅಂಚಿನಿಂದ ಸ್ಟಿಚ್ ಎತ್ತಿ, ಇನ್ನೊಂದು ಪಟ್ಟಿ. ಹೊಲಿಗೆ ಬೇಡ. ಆದರೆ ಇದರಲ್ಲಿ ಒಂದು ಮೋಸ ಇದೆ. ಪಟ್ಟಿಗಳು ಹೊರಗೆ ಹೋದ ಹಾಗೆಲ್ಲ ಉದ್ದ ಆಗುತ್ತವೆ, ಆದ್ದರಿಂದ ದಾರವೂ ಜಾಸ್ತಿ ಬೇಕು. ಇಷ್ಟವಾದ ದೊಡ್ಡ ಉಂಡೆಯನ್ನು ಮೊದಲೇ ನಡುವೆ ಖರ್ಚು ಮಾಡಿಬಿಟ್ಟರೆ ಕೊನೆಯ ಸುತ್ತಿಗೆ ಏನೂ ಉಳಿಯುವುದಿಲ್ಲ. ಉಂಡೆಗಳನ್ನು ತೂಕದ ಪ್ರಕಾರ ಸಾಲಾಗಿಟ್ಟು ಚಿಕ್ಕದರಿಂದ ಶುರುಮಾಡಿ. ಪಟ್ಟಿ ಅಗಲವಾಗಿದ್ದರೆ ತುದಿಗಳು ಚೌಕದ ಬ್ಲಾಂಕೆಟ್‌ಗಿಂತ ಎಷ್ಟೋ ಕಡಿಮೆ. ಒಬ್ಬರೇ ಕೂತು ಮಾಡುವವರಿಗೆ ಇದೇ ವಾಸಿ.

ಮೂರನೆಯದು ಸುರುಳಿ ಪಟ್ಟಿ. ಹತ್ತೇ ಸ್ಟಿಚ್ ಅಗಲದ ಪಟ್ಟಿಯನ್ನು ಹೆಣೆಯುತ್ತಾ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹಳೆಯ ಅಂಚಿಗೆ ಸೇರಿಸಿಕೊಂಡು ಸುತ್ತುತ್ತಾ ಹೋಗುವುದು. ಮೂಲೆ ಬಂದಾಗ ಅರ್ಧ ಸಾಲು ಹೆಣೆದು ತಿರುಗಬೇಕು. ಅದು ಮೊದಲ ಸಲ ಕಷ್ಟ, ಮೂರನೇ ಮೂಲೆಗೆ ಕೈ ಕೂರುತ್ತದೆ. ಇದರ ದೊಡ್ಡ ಅನುಕೂಲ ಏನೆಂದರೆ ಉಂಡೆ ಎಲ್ಲಿ ಮುಗಿಯಿತೋ ಅಲ್ಲೇ ಇನ್ನೊಂದನ್ನು ಸೇರಿಸಬಹುದು. ದಾರ ಸಾಕಾಗುತ್ತಾ ಎಂಬ ಚಿಂತೆಯೇ ಇಲ್ಲ. ಯಾವತ್ತು ಬೇಸರ ಬಂದರೂ ಆ ಸುತ್ತು ಮುಗಿಸಿ ಬೈಂಡ್ ಆಫ್ ಮಾಡಿದರೆ, ಅಂದರೆ ಬಿಚ್ಚಿಹೋಗದಂತೆ ಸ್ಟಿಚ್‌ಗಳನ್ನು ಮುಚ್ಚಿದರೆ, ಅದೊಂದು ಕುರ್ಚಿಯ ಕುಶನ್ ಆಗಿಯಾದರೂ ಉಳಿಯುತ್ತದೆ. ದಪ್ಪ ಮಾತ್ರ ಒಂದೇ ಇರಲಿ, ಇಲ್ಲದಿದ್ದರೆ ಸುರುಳಿ ನೆಲದ ಮೇಲೆ ಸಪಾಟಾಗಿ ಕೂರುವುದಿಲ್ಲ.

ನಾಲ್ಕನೆಯದು ಮೂಲೆಯಿಂದ ಮೂಲೆಗೆ. ಮೂರು ಸ್ಟಿಚ್ ಹಾಕಿ, ಪ್ರತಿ ಸಾಲಿನ ಶುರುವಿನಲ್ಲಿ ಒಂದು ಹೆಚ್ಚಿಸುತ್ತಾ ಹೋಗಿ. ಒಟ್ಟು ದಾರದ ಅರ್ಧ ತೂಕ ಮುಗಿದಾಗ ಕಡಿಮೆ ಮಾಡಲು ಶುರುಮಾಡಿ. ಪದೇ ಪದೇ ತಕ್ಕಡಿಗೆ ಹಾಕುತ್ತಿದ್ದರೆ ಸರಿಯಾದ ಜಾಗ ಸಿಗುತ್ತದೆ. ಪಕ್ಕಾ ಅರ್ಧಕ್ಕೆ ಕಾಯಬೇಡಿ, ಎರಡು ಮೂರು ಗ್ರಾಂ ಮೊದಲೇ ತಿರುಗಿ. ಹೊಸಬರಿಗೆ ನಾನು ಇದನ್ನೇ ಹೇಳುವುದು.

ಟೋಪಿ, ಕುಲಾವಿ: ಮುಗಿಯುವ ಕೆಲಸ

ಬೆಂಗಳೂರಿನ ಡಿಸೆಂಬರ್‌ಗೆ ಉಲ್ಲನ್ ಬ್ಲಾಂಕೆಟ್ ಹೊದ್ದು ಮಲಗುವವರು ಎಷ್ಟು ಜನ? ಮಂಗಳೂರಿನಲ್ಲಂತೂ ಕೇಳಲೇ ಬೇಡಿ. ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರಿಗೆ ಬೇರೆ ಮಾತು. ಉಳಿದವರಿಗೆ, ಬೆಳಗ್ಗೆ ವಾಕಿಂಗ್ ಹೋಗುವ ಅಪ್ಪನ ತಲೆಗೊಂದು ಟೋಪಿ ನಿಜವಾಗಿ ಉಪಯೋಗಕ್ಕೆ ಬರುವ ವಸ್ತು. ಬೇಗ ಮುಗಿಯುತ್ತದೆ, ಕೊಡುವುದೂ ಸುಲಭ.

ಬಣ್ಣಗಳು ಹೊಂದುವುದಿಲ್ಲ ಎನ್ನುವುದು ಇಲ್ಲಿ ಎಲ್ಲರ ತಕರಾರು. ಪರಿಹಾರ ಇದೆ. ಒಂದು ತಟಸ್ಥ ಬಣ್ಣ, ಬೂದು, ಕೆನೆ ಇಲ್ಲವೇ ಕಡುನೀಲಿ, 100 ಗ್ರಾಂ ಹೊಸದಾಗಿ ತಗೊಳ್ಳಿ. ಉಳಿದದ್ದನ್ನು ಮುಗಿಸೋಕೆ ಹೊಸದು ಕೊಳ್ಳೋದಾ ಎಂದು ನಗಬೇಡಿ. ಅಂಚು, ನೆತ್ತಿ ಆ ಬಣ್ಣದಲ್ಲಿರಲಿ. ನಡುವೆ ಅದರ ಎರಡು ಸುತ್ತು, ಚೂರು ಬಣ್ಣದ ಎರಡು ಸುತ್ತು. ಎಂಥ ಜಗಳಗಂಟ ಬಣ್ಣಗಳೂ ಸುಮ್ನೆ ಕೂರುತ್ತವೆ. ಟೋಪಿಯಲ್ಲಿ ಬಣ್ಣ ಬದಲಾದ ಜಾಗದಲ್ಲಿ ಮೆಟ್ಟಿಲು ಕಂಡರೆ, ಹೊಸ ಬಣ್ಣದ ಎರಡನೇ ಸುತ್ತಿನ ಮೊದಲ ಸ್ಟಿಚ್ಚನ್ನು ಹೆಣೆಯದೆ ಹಾಗೇ ಇನ್ನೊಂದು ಕಡ್ಡಿಗೆ ಜಾರಿಸಿ. ಮೆಟ್ಟಿಲು ಬಹುಮಟ್ಟಿಗೆ ಮಾಯ. ಎರಡೆರಡು ಸುತ್ತಿಗೆ ತಟಸ್ಥ ಬಣ್ಣವನ್ನು ಕತ್ತರಿಸಬೇಕಾಗಿಯೂ ಇಲ್ಲ, ಒಳಗಡೆ ಮೇಲಕ್ಕೆ ಎಳೆದುಕೊಂಡು ಹೋಗಬಹುದು. ತುದಿಗಳು ಅರ್ಧಕ್ಕೆ ಇಳಿಯುತ್ತವೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಮಾತು ಇದ್ದರೂ, ಉಲ್ಲನ್ ಉಳಿದವರು ಮುಂಚೆಯೇ ಮಾಡಿಟ್ಟರೆ ತಪ್ಪಿಲ್ಲ. ಎಳೆಗೂಸಿಗೆ ಮೆತ್ತಗಿನ, ಮೆಷೀನಿನಲ್ಲಿ ಒಗೆಯಬಹುದಾದ ದಾರ ಆರಿಸಿ. ಮೊಹೇರ್ ಥರ ಕೂದಲು ಬಿಡುವುದು ಬೇಡ. ತೂತುತೂತಾದ ವಿನ್ಯಾಸ ಬೇಡ. ಕೈಗವಸಿನ ಒಳಗೆ ಎರಡು ಬಣ್ಣದ ದಾರ ಉದ್ದುದ್ದ ಹಾಯ್ದಿದ್ದರೆ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಕೆಂಪು, ಕಡುನೀಲಿ ದಾರವನ್ನು ಮೊದಲು ಬಿಳಿ ಬಟ್ಟೆ ಜೊತೆ ನೆನೆಸಿ ನೋಡಿ, ಬಣ್ಣ ಬಿಟ್ಟರೆ ಪಟ್ಟೆಗೆ ಹಾಕಬೇಡಿ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರಿಗೆ ಒಂದು ಮಾತು. ಅಲ್ಲಿ ಮಕ್ಕಳ ವೈದ್ಯರು ಒಂದು ವರ್ಷದವರೆಗೆ ತೊಟ್ಟಿಲಲ್ಲಿ ಸಡಿಲ ಹೊದಿಕೆ ಇಡಬೇಡಿ ಎನ್ನುತ್ತಾರೆ. ಮನೆಯೊಳಗೆ ಮಲಗಿರುವಾಗ ಟೋಪಿಯೂ ಬೇಡ ಎನ್ನುತ್ತಾರೆ. ನೀವು ಆಸೆಪಟ್ಟು ಹೆಣೆದ ಬ್ಲಾಂಕೆಟ್ ತೊಟ್ಟಿಲಿಗೆ ಹೋಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ. ಹೊರಗೆ ಹೋಗುವಾಗ ಹಾಕುವ ಟೋಪಿ, ಗುಂಡಿ ಇರುವ ಸ್ವೆಟರ್ ಒಯ್ದರೆ ಉಪಯೋಗ ಜಾಸ್ತಿ.

ಸಾಕ್ಸ್, ಸ್ವೆಟರ್

ಒಂದು ಜೊತೆ ಸಾಕ್ಸ್‌ಗೆ ತೆಳು ದಾರ 80ರಿಂದ 100 ಗ್ರಾಂ ಬೇಕು. ಹಿಮ್ಮಡಿ, ಬೆರಳು, ಅಂಚು ಒಂದು ಬಣ್ಣ, ಉಳಿದದ್ದು ಇನ್ನೊಂದು ಎಂದು ಮಾಡಿದರೆ ಎರಡು ಅರ್ಧ ಉಂಡೆ ಖಾಲಿಯಾಗುತ್ತವೆ. ಒಂದು ಎಚ್ಚರ: ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಹೆಣೆದ ಸಾಕ್ಸ್ ಜಾರುತ್ತದೆ. ವಯಸ್ಸಾದವರಿಗೆ ಕೊಡುವಾಗ ಹಾಸಿಗೆಯಲ್ಲಿ ಮಾತ್ರ ಹಾಕಿಕೊಳ್ಳಿ ಎಂದು ಹೇಳಿ ಕೊಡಿ.

ಪಟ್ಟೆ ಸ್ವೆಟರ್ ಎರಡು ವರ್ಷದ ಮಗುವಿನದ್ದಾದರೆ ಸರಿ. ದೊಡ್ಡವರದ್ದಾದರೆ ನಾನು ಬೇಡ ಎನ್ನುತ್ತೇನೆ. ತೋಳು ಹೆಣೆಯುವ ಹೊತ್ತಿಗೆ ಮೈಯಲ್ಲಿ ಬಳಸಿದ ಬಣ್ಣ ಖಾಲಿಯಾಗಿರುತ್ತದೆ. ಮಾಡಲೇಬೇಕು ಎನ್ನುವವರು ತೋಳು ಮೊದಲು ಮುಗಿಸಿ. ಸ್ಕಾಟ್ಲೆಂಡಿನ ಶೆಟ್ಲೆಂಡ್ ಕಡೆಯ ಫೇರ್ ಐಲ್ ಶೈಲಿ, ಒಂದು ಸಾಲಿಗೆ ಎರಡೇ ಬಣ್ಣ ಬಳಸುವುದು, ಹತ್ತಿಪ್ಪತ್ತು ಗ್ರಾಂ ಉಂಡೆಗಳಿಗೆ ಹೇಳಿಮಾಡಿಸಿದ್ದು. ಆದರೆ ಒಳಗೆ ಎರಡನೇ ಪದರ ದಾರ ಹಾಯುವುದರಿಂದ ತುಂಬಾ ಬೆಚ್ಚಗಾಗುತ್ತದೆ. ಟೊರಾಂಟೊದಲ್ಲಿರುವ ತಮ್ಮನಿಗೆ ಸರಿ, ಮೈಸೂರಿನಲ್ಲಿರುವ ನಿಮಗೆ ಬೆವರು.

ತೆಳು ದಾರದ ಚೂರುಗಳೇ ಜಾಸ್ತಿ ಇದ್ದರೆ ಎರಡೆಳೆ ಸೇರಿಸಿ ಹೆಣೆಯುವುದನ್ನು ಯೋಚಿಸಿ. ಒಂದು ಎಳೆ ಮುಗಿದಾಗ ಅದನ್ನು ಮಾತ್ರ ಬದಲಿಸಿ, ಇನ್ನೊಂದು ಹಾಗೇ ಇರಲಿ. ಬಣ್ಣ ಥಟ್ಟನೆ ಬದಲಾಗದೆ ನಿಧಾನಕ್ಕೆ ಜಾರುತ್ತದೆ. ಮಫ್ಲರ್‌ಗೆ, ಶಾಲಿಗೆ ಇದು ಪಟ್ಟೆಗಿಂತ ಚೆಂದ, ಕೆಲಸವೂ ಬೇಗ ಸಾಗುತ್ತದೆ.

ಅಡುಗೆಮನೆಗೆ ಏನು ಸರಿ

ಇಲ್ಲಿ ನೂಲು ನೋಡದೆ ಮುಂದೆ ಹೋಗಲೇಬೇಡಿ. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಹೆಣೆದರೆ ಅದು ಕರಗಿ ಕೈಗೆ ಅಂಟಬಹುದು. ಹತ್ತಿಯೇ ಬೇಕು, ಅದೂ ಎರಡೆಳೆ ಸೇರಿಸಿ, ದಟ್ಟವಾಗಿ. ಉಣ್ಣೆಯೂ ನಡೆಯುತ್ತದೆ. ಸಡಿಲವಾಗಿ ಹೆಣೆದು ಬಿಸಿನೀರಿನಲ್ಲಿ ಸೋಪು ಹಾಕಿ ಉಜ್ಜಿ ಕುಗ್ಗಿಸಿದರೆ ದಪ್ಪ ಹಾಳೆಯಂತಾಗುತ್ತದೆ, ಕುಕ್ಕರ್ ಕೆಳಗೆ ಇಡಲು ಗಟ್ಟಿಮುಟ್ಟು. ಮೆಷೀನ್ ವಾಶ್ ಎಂದು ಬರೆದಿರುವ ಉಣ್ಣೆ ಮಾತ್ರ ಹೀಗೆ ಕುಗ್ಗುವುದಿಲ್ಲ.

ಹತ್ತಿ 40 ಗ್ರಾಂ ಇದ್ದರೆ ಮೂಲೆಯಿಂದ ಮೂಲೆಗೆ ವಿಧಾನದಲ್ಲಿ ಒಂದು ಒರೆಸುವ ಬಟ್ಟೆ. ಇದಕ್ಕಿಂತ ಬೇಗ ಮುಗಿಯುವ, ಇದಕ್ಕಿಂತ ಹೆಚ್ಚು ಬಳಕೆಯಾಗುವ ವಸ್ತು ಈ ಪಟ್ಟಿಯಲ್ಲೇ ಇಲ್ಲ. ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಒಂದು ಬೆರಳು ದೊಡ್ಡದೇ ಮಾಡಿ. ಜಪಾನಿನಲ್ಲಿ ಅಕ್ರಿಲಿಕ್ ಚೂರುಗಳಿಂದ ಪಾತ್ರೆ ಉಜ್ಜುವ ತವಾಶಿ ಮಾಡುವ ರೂಢಿ ಇದೆ. ಜಿಡ್ಡು ಚೆನ್ನಾಗಿಯೇ ಬಿಡುತ್ತದೆ. ಆದರೆ ಉಜ್ಜಿದಷ್ಟೂ ಪ್ಲಾಸ್ಟಿಕ್ ಎಳೆ ನೀರಿಗೆ ಸೇರುತ್ತದೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ, ತೆಂಗಿನ ನಾರು ಇರುವ ಊರಿನಲ್ಲಿ ಅದರ ಅಗತ್ಯವೂ ಕಾಣುವುದಿಲ್ಲ.

ಗೊಂಬೆ, ತೋರಣ, ಉಳಿದ ಚೂರು

ಬಾಗಿಲಿಗೆ ಉಲ್ಲನ್ ತೋರಣ, ಗೊಂಡೆ, ಕೀಚೈನ್. ಬಣ್ಣಗಳ ತಲೆಬಿಸಿ ಇಲ್ಲ, ದಪ್ಪದ ತಲೆಬಿಸಿ ಇಲ್ಲ. ಮಕ್ಕಳಿಗೂ ಕೈ ಹಚ್ಚಲು ಕೊಡಬಹುದು. ಧೂಳು ಹಿಡಿಯುತ್ತದೆ, ಅದೊಂದೇ ಕಷ್ಟ. ಗೊಂಬೆ ಮಾಡುವುದಾದರೆ ಮೂರು ವರ್ಷದ ಒಳಗಿನ ಮಕ್ಕಳಿಗೆ ಗುಂಡಿಯ ಕಣ್ಣು ಬೇಡ, ದಾರದಲ್ಲೇ ಕಣ್ಣು ಹೊಲಿಯಿರಿ. ಕತ್ತರಿಸಿದ ತುದಿಗಳನ್ನು ಗೊಂಬೆಯೊಳಗೆ ತುಂಬುವವರಿದ್ದಾರೆ. ಕಡು ಬಣ್ಣದ ಗೊಂಬೆಗೆ ಪರವಾಗಿಲ್ಲ. ತಿಳಿ ಬಣ್ಣದ್ದಕ್ಕೆ ಒಳಗಿನ ಕೆಂಪು, ಕಪ್ಪು ಎಳೆ ಹೊರಗೆ ಕಾಣುತ್ತದೆ, ಒಗೆದ ಮೇಲೆ ಗಂಟುಗಂಟಾಗುತ್ತದೆ.

ಟೋಪಿಗಳನ್ನು ಆಸ್ಪತ್ರೆಗೋ ಅನಾಥಾಶ್ರಮಕ್ಕೋ ಕೊಡುವ ಯೋಚನೆ ಇದ್ದರೆ ಹೆಣೆಯುವ ಮೊದಲೇ ಫೋನ್ ಮಾಡಿ ಕೇಳಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ತಾಯಿಯ ಎದೆಗೆ ಅಪ್ಪಿಸಿಡುವ ಕಾಂಗರೂ ಆರೈಕೆಯಲ್ಲಿ ಮಗುವಿಗೆ ಟೋಪಿ, ಸಾಕ್ಸ್ ಹಾಕುತ್ತಾರೆ, ಹಾಗಾಗಿ ಕೆಲವು ಕಡೆ ಪುಟ್ಟ ಟೋಪಿ ಬೇಕಾಗಬಹುದು. ಅಳತೆ, ನೂಲು, ಒಗೆಯುವ ರೀತಿ ಎಲ್ಲವನ್ನೂ ಅವರೇ ಹೇಳಬೇಕು. ಹೊರಗಿನಿಂದ ಹೆಣೆದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದರೂ ಎನ್ನಬಹುದು. ದಾರ ಕಡ್ಡಿಗೆ ಏರುವ ಮೊದಲೇ ಅದು ಗೊತ್ತಾದರೆ ಒಳ್ಳೆಯದು.

ಕೊನೆಗೆ ದಾರ ಜೋಡಿಸುವ ವಿಷಯ. ಉಣ್ಣೆಯ ಎರಡು ತುದಿಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ಒದ್ದೆ ಮಾಡಿ ಅಂಗೈಯಲ್ಲಿ ಜೋರಾಗಿ ಹೊಸೆದರೆ ಅಂಟಿಕೊಳ್ಳುತ್ತವೆ, ಮುಚ್ಚಲು ತುದಿಯೇ ಉಳಿಯುವುದಿಲ್ಲ. ಅಕ್ರಿಲಿಕ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಒಂದೊಂದು ತುದಿಯನ್ನು ದಬ್ಬಣದಲ್ಲಿ ಅದರದೇ ದಾರದ ಒಳಗೆ ತೂರಿಸಿ, ಎರಡನ್ನೂ ಕೊಂಡಿ ಹಾಕಿದಂತೆ ಜೋಡಿಸಬೇಕು. ಗಂಟು ಹಾಕಿ ಚೊಕ್ಕವಾಗಿ ಕತ್ತರಿಸಿಬಿಟ್ಟರೆ ಮೂರನೇ ಒಗೆತಕ್ಕೆ ಬಿಚ್ಚುತ್ತದೆ. ಏನೇ ಹೆಣೆದರೂ ಸಾಲು ಶುರುಮಾಡುವ ಮೊದಲು ಅದರ ಅಗಲದ ನಾಲ್ಕು ಪಟ್ಟು ದಾರ ಉಳಿದಿದೆಯಾ ನೋಡಿ. ಇಲ್ಲದಿದ್ದರೆ ಆ ಸಾಲಿಗೆ ಮುಂಚೆಯೇ ಮುಂದಿನ ಬಣ್ಣ ಸೇರಿಸಿ.